ಕಿವಿ ನಿಲ್ಲಲಿಲ್ಲ ಅಂತ ಕ್ಯಾಲ್ಸಿಯಂ ಸುರಿಯಬೇಡಿ: ಜರ್ಮನ್ ಶೆಫರ್ಡ್ ಊಟದ ಲೆಕ್ಕ

ನಾಲ್ಕೈದು ತಿಂಗಳ ಜರ್ಮನ್ ಶೆಫರ್ಡ್ ಮರಿ ಸಾಕಿದವರ ಮೊದಲ ಚಿಂತೆ ಕಿವಿಯದು. ಮೂರು ತಿಂಗಳಿಗೆ ನೆಟ್ಟಗೆ ನಿಂತಿದ್ದ ಕಿವಿ ಈಗ ಜೋತು ಬಿದ್ದಿದೆ, ಇಲ್ಲವೇ ಒಂದು ನಿಂತು ಇನ್ನೊಂದು ಪಕ್ಕಕ್ಕೆ ವಾಲಿದೆ. ಮರಿ ಮಾರಿದವನಿಗೆ ಫೋನ್ ಮಾಡಿದರೆ ಸಿಗುವ ಉತ್ತರ ಒಂದೇ: ಕ್ಯಾಲ್ಸಿಯಂ ಸಿರಪ್ ಜಾಸ್ತಿ ಮಾಡಿ. ಮರುದಿನದಿಂದ ಬೆಳಗ್ಗೆ ಎರಡು ಚಮಚ, ಸಂಜೆ ಎರಡು ಚಮಚ ಶುರು.

ಕಿವಿಯಲ್ಲಿ ಮೂಳೆಯೇ ಇಲ್ಲ. ಅದು ನಿಲ್ಲುವುದು ಮೃದ್ವಸ್ಥಿಯ ಬಲದಿಂದ. ಹಾಲುಹಲ್ಲು ಉದುರಿ ಗಟ್ಟಿಹಲ್ಲು ಬರುವ ನಾಲ್ಕರಿಂದ ಆರು ತಿಂಗಳ ನಡುವೆ ಕಿವಿ ಏಳುವುದು, ಬೀಳುವುದು ಈ ತಳಿಯಲ್ಲಿ ಮಾಮೂಲಿ. ಹಲ್ಲು ಬಂದು ಮುಗಿದ ಮೇಲೆ ಹೆಚ್ಚಿನ ಮರಿಗಳಲ್ಲಿ ಅದು ತಾನಾಗಿಯೇ ನಿಲ್ಲುತ್ತದೆ, ಹೆಸರು ಮಾತ್ರ ಸಿರಪ್ಪಿಗೆ ಬರುತ್ತದೆ.

ಹೆಸರು ಬಂದರೆ ಬರಲಿ, ಮರಿಗೆ ತೊಂದರೆ ಆಗದಿದ್ದರೆ ಸಾಕಿತ್ತು. ಆದರೆ ಆಗುತ್ತದೆ. ಬೆಳೆದ ನಾಯಿಗೆ ಕ್ಯಾಲ್ಸಿಯಂ ಹೆಚ್ಚಾದರೆ ಕರುಳು ಹೀರಿಕೊಳ್ಳುವುದನ್ನು ಕಡಿಮೆ ಮಾಡಿಕೊಳ್ಳುತ್ತದೆ, ಉಳಿದದ್ದು ಹೊರಗೆ ಹೋಗುತ್ತದೆ. ಎಳೆ ಮರಿಗೆ, ಮುಖ್ಯವಾಗಿ ಮೊದಲ ಆರು ತಿಂಗಳು, ಈ ತಡೆ ಇನ್ನೂ ಸರಿಯಾಗಿ ಕೂತಿರುವುದಿಲ್ಲ. ಕೊಟ್ಟದ್ದರಲ್ಲಿ ದೊಡ್ಡ ಪಾಲು ಒಳಗೇ ಹೋಗುತ್ತದೆ. 1980ರ ದಶಕದಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಗ್ರೇಟ್ ಡೇನ್ ಮರಿಗಳಿಗೆ ಬೇಕಾದ್ದಕ್ಕಿಂತ ಹೆಚ್ಚು ಕ್ಯಾಲ್ಸಿಯಂ ಕೊಟ್ಟು ನೋಡಿದಾಗ ಮೂಳೆ ಗಟ್ಟಿಯಾಗುವ ಬದಲು ಅದರ ಬೆಳವಣಿಗೆಯೇ ಅಡ್ಡದಾರಿ ಹಿಡಿದಿತ್ತು: ಕೀಲಿನ ಮೃದ್ವಸ್ಥಿ ಸರಿಯಾಗಿ ಮೂಳೆಯಾಗಲಿಲ್ಲ, ಮುಂಗಾಲು ಸೊಟ್ಟಗಾಯಿತು. ದೊಡ್ಡ ತಳಿಯ ಮರಿಗಳ ಆಹಾರಕ್ಕೆ ಕ್ಯಾಲ್ಸಿಯಂನ ಮೇಲ್ಮಿತಿ ಇಡುವುದು ಇದಕ್ಕಾಗಿಯೇ.

ನಮ್ಮ ಕಡೆ ಎಡವಟ್ಟು ಆಗುವುದು ಎರಡೂ ಕಡೆಯಿಂದ. ಪ್ಯಾಕೆಟ್ ಫುಡ್ ಹಾಕುವವರಿಗೆ ಕ್ಯಾಲ್ಸಿಯಂ ಬೇಕಿಲ್ಲ, ಅವರು ತಪ್ಪದೆ ಕೊಡುತ್ತಾರೆ. ಅನ್ನ-ಚಿಕನ್ ಹಾಕುವವರಿಗೆ ಬೇಕೇ ಬೇಕು, ಅವರು "ಚಿಕನ್ನಲ್ಲಿ ಎಲ್ಲಾ ಇದೆಯಲ್ಲ" ಅಂತ ಸುಮ್ಮನಿರುತ್ತಾರೆ. ನೀವು ಯಾವ ಕಡೆ ಅನ್ನುವುದನ್ನು ಮೊದಲು ತೀರ್ಮಾನ ಮಾಡಿಕೊಳ್ಳಿ. ಮುಂದಿನ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿದೆ.

ಎಷ್ಟು ಕ್ಯಾಲೊರಿ

ಈ ತಳಿ ಹುಟ್ಟಿದ್ದು ಜರ್ಮನಿಯಲ್ಲಿ, ಕುರಿ ಮಂದೆಯ ಅಂಚಿನಲ್ಲಿ ದಿನವಿಡೀ ಓಡಾಡುತ್ತಾ ಬೆಳೆಗೆ ನುಗ್ಗದಂತೆ ಕಾಯುವ ಕೆಲಸಕ್ಕೆ. 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫನಿಟ್ಜ್ ಇದರ ಸಂಘ ಕಟ್ಟಿದಾಗ ಬಯಸಿದ್ದು ದಣಿಯದೆ ಓಡುವ ನಾಯಿಯನ್ನು, ದಪ್ಪ ನಾಯಿಯನ್ನಲ್ಲ. ಇಂದಿಗೂ ತಳಿಯ ಮಾನದಂಡದಲ್ಲಿ ಗಂಡಿನ ತೂಕ 30ರಿಂದ 40 ಕೆಜಿ, ಹೆಣ್ಣಿನದು 22ರಿಂದ 32 ಕೆಜಿ. "ನಮ್ಮದು ಡಬಲ್ ಬೋನ್, 50 ಕೆಜಿ ಇದೆ" ಎಂದು ಹೆಮ್ಮೆಪಡುವ ನಾಯಿಗಳಲ್ಲಿ ಬಹುಪಾಲು ಬೊಜ್ಜು.

ಲೆಕ್ಕ ಹೀಗೆ. ಸುಮ್ಮನೆ ಮಲಗಿದ್ದರೂ ದೇಹ ನಡೆಯಲು ಬೇಕಾಗುವ ಶಕ್ತಿ ತೂಕದ 0.75ನೇ ಘಾತದ 70 ಪಟ್ಟು. ಗಾಬರಿ ಬೇಡ, ಮೊಬೈಲ್ ಕ್ಯಾಲ್ಕುಲೇಟರ್ ಸಾಕು: ತೂಕವನ್ನು ಮೂರು ಸಲ ಗುಣಿಸಿ, ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ, ಬಂದದ್ದನ್ನು 70ರಿಂದ ಗುಣಿಸಿ. 32 ಕೆಜಿ ನಾಯಿಗೆ 32×32×32 ಅಂದರೆ 32,768. ಎರಡು ಸಲ ವರ್ಗಮೂಲ ತೆಗೆದರೆ 13.45, ಅದರ 70 ಪಟ್ಟು ಸುಮಾರು 940 ಕ್ಯಾಲೊರಿ. ಮರಿ ಹಾಕದಂತೆ ಆಪರೇಷನ್ ಆದ ಮನೆನಾಯಿಗೆ ಇದರ 1.6 ಪಟ್ಟು, ಅಂದರೆ 1,500. ಆಪರೇಷನ್ ಆಗದ್ದಕ್ಕೆ 1.8 ಪಟ್ಟು, 1,700ರ ಹತ್ತಿರ. ನಾಲ್ಕು ತಿಂಗಳವರೆಗಿನ ಮರಿಗೆ 3 ಪಟ್ಟು, ಆಮೇಲೆ ನಿಧಾನಕ್ಕೆ ಇಳಿಸುತ್ತಾ 2 ಪಟ್ಟು.

ಮರಿಯ ಲೆಕ್ಕ ಹಾಕಿದಾಗ ಒಂದು ಸ್ವಾರಸ್ಯ ಕಾಣುತ್ತದೆ. 10 ಕೆಜಿ ಮರಿಗೆ ದಿನಕ್ಕೆ ಸುಮಾರು 1,180 ಕ್ಯಾಲೊರಿ. ನಾಲ್ಕೂವರೆ ತಿಂಗಳ 18 ಕೆಜಿ ಮರಿಗೆ ಎರಡೂವರೆ ಪಟ್ಟಿನಂತೆ 1,530. ಏಳು ತಿಂಗಳ 25 ಕೆಜಿ ಮರಿಗೆ ಎರಡು ಪಟ್ಟಿನಂತೆ 1,565. ಬೆಳೆದು ನಿಂತ 32 ಕೆಜಿ ನಾಯಿಗೆ ಮತ್ತೆ 1,500. ಅಂದರೆ ಐದನೇ ತಿಂಗಳಿಗೆ ಊಟ ಎಲ್ಲಿಗೆ ಬಂದು ನಿಲ್ಲುತ್ತದೋ ಹೆಚ್ಚುಕಡಿಮೆ ಅಲ್ಲೇ ಇರಬೇಕು. ಮರಿ ಎತ್ತರವಾದಂತೆಲ್ಲ ಬಟ್ಟಲಿಗೆ ಇನ್ನೊಂದು ಹಿಡಿ ಸೇರಿಸುತ್ತಾ ಹೋಗುವವರ ನಾಯಿ ಎಂಟನೇ ತಿಂಗಳಿಗೆ ಉರುಟಾಗಿರುತ್ತದೆ.

ಬೇಗ ಬೆಳೆಸುವುದರಿಂದ ಲಾಭವಿಲ್ಲ. ಎಷ್ಟು ಎತ್ತರವಾಗಬೇಕು ಎನ್ನುವುದು ಅಪ್ಪ-ಅಮ್ಮನಿಂದ ಬಂದಿರುತ್ತದೆ. ಹೆಚ್ಚು ತಿನ್ನಿಸಿದರೆ ಅಲ್ಲಿಗೆ ಬೇಗ ತಲುಪುತ್ತದೆ ಅಷ್ಟೆ, ಮತ್ತು ಇನ್ನೂ ಗಟ್ಟಿಯಾಗದ ಸೊಂಟದ ಕೀಲಿನ ಮೇಲೆ ಭಾರ ಬೀಳುತ್ತದೆ. ಹಿಪ್ ಡಿಸ್‌ಪ್ಲೇಸಿಯಾ, ಅಂದರೆ ಸೊಂಟದ ಕೀಲು ಸರಿಯಾಗಿ ಕೂರದಿರುವುದು, ವಂಶವಾಹಿಯಲ್ಲಿ ಬರುವ ತೊಂದರೆ ನಿಜ, ಆದರೆ ಅದು ಎಷ್ಟು ಕೆಡುತ್ತದೆ ಎನ್ನುವುದರಲ್ಲಿ ಊಟದ ಪಾಲು ದೊಡ್ಡದು. ಪ್ಯೂರಿನಾ ಕಂಪನಿ ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ಹಿಂಬಾಲಿಸಿತ್ತು. ಒಂದು ಗುಂಪಿಗೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಊಟ. 2002ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕಡಿಮೆ ತಿಂದವುಗಳ ಮಧ್ಯಮ ಆಯಸ್ಸು 13 ವರ್ಷ, ಹೆಚ್ಚು ತಿಂದವುಗಳದು 11.2 ವರ್ಷ. ಕೀಲುನೋವು ಕೂಡ ಕಡಿಮೆ ತಿಂದವಕ್ಕೆ ತಡವಾಗಿ ಬಂತು.

ಲೆಕ್ಕ ಆರಂಭಕ್ಕೆ ಮಾತ್ರ, ತೀರ್ಪು ಕೊಡುವುದು ಕೈ. ಶೆಫರ್ಡ್‌ಗೆ ಎರಡು ಪದರದ ದಟ್ಟ ಕೂದಲು, ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಹೆಬ್ಬೆರಳನ್ನು ಬೆನ್ನುಮೂಳೆಯ ಮೇಲಿಟ್ಟು ಉಳಿದ ಬೆರಳನ್ನು ಕೂದಲೊಳಗೆ ತೂರಿಸಿ ಪಕ್ಕೆಲುಬಿನ ಮೇಲೆ ಆಡಿಸಿ. ಒತ್ತದೆಯೇ ಎಲುಬುಗಳನ್ನು ಎಣಿಸಲು ಬಂದರೆ ಸರಿ. ಒತ್ತಿದರೆ ಮಾತ್ರ ಸಿಗುವುದಾದರೆ ಊಟದಲ್ಲಿ ಹತ್ತು ಪರ್ಸೆಂಟ್ ಕಡಿತ, ಎರಡು ವಾರ ಬಿಟ್ಟು ಮತ್ತೆ ಪರೀಕ್ಷೆ. ಎಲುಬಿನ ನಡುವಿನ ಗುಂಡಿ ಆಳವಾಗಿ, ಸೊಂಟದ ಮೂಳೆ ಚೂಪಾಗಿ ಕೈಗೆ ಸಿಕ್ಕರೆ ಏರಿಸಿ. ಮೇಲಿನಿಂದ ನೋಡಿದರೆ ಎದೆಯ ಹಿಂದೆ ಸೊಂಟ ಒಳಸರಿದಿರಬೇಕು. ಮರಿಯ ತೂಕವನ್ನು ವಾರಕ್ಕೊಮ್ಮೆ ನೋಡಿ. ಎರಡರಿಂದ ಐದು ತಿಂಗಳ ನಡುವೆ ವಾರಕ್ಕೆ ಮುಕ್ಕಾಲರಿಂದ ಒಂದು ಕೆಜಿ ಏರುತ್ತಿದ್ದರೆ ಸಾಕು. ಎತ್ತಿಕೊಂಡು ಮನೆಯ ತೂಕದ ಯಂತ್ರದ ಮೇಲೆ ನಿಂತು ನಿಮ್ಮ ತೂಕ ಕಳೆದರಾಯಿತು.

ಪ್ಯಾಕೆಟ್ ಫುಡ್ ಹಾಕುವವರಿಗೆ

ಮೊದಲ ವರ್ಷ ಪ್ಯಾಕೆಟ್ ಫುಡ್ಡೇ ವಾಸಿ ಎನ್ನುವುದು ನನ್ನ ಅಭಿಪ್ರಾಯ, ಕಾರಣ ಮುಂದೆ ಬರುತ್ತದೆ. "ಲಾರ್ಜ್ ಬ್ರೀಡ್ ಪಪ್ಪಿ" ಎಂದಿರುವುದನ್ನೇ ತೆಗೆದುಕೊಳ್ಳಿ. ಚೀಲದ ಮುಂದಿನ ಚಿತ್ರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ತೇವಾಂಶ ಕಳೆದ ಲೆಕ್ಕದಲ್ಲಿ ಪ್ರೊಟೀನ್ ಕನಿಷ್ಠ 22.5%, ಕೊಬ್ಬು ಕನಿಷ್ಠ 8.5%, ಕ್ಯಾಲ್ಸಿಯಂ 1.2ರಿಂದ 1.8% ನಡುವೆ ಇರಬೇಕು. 1.8 ಎನ್ನುವುದು ಬೆಳೆದ ಮೇಲೆ 32 ಕೆಜಿ ಮುಟ್ಟುವ ತಳಿಗಳಿಗೆಂದು ಪ್ರಾಣಿಗಳ ಆಹಾರಕ್ಕೆ ಮಾನದಂಡ ಹಾಕುವ ಅಮೆರಿಕದ ಆಫ್ಕೋ ಸಂಸ್ಥೆ ಎಳೆದಿರುವ ಗೆರೆ. ಸಣ್ಣ ತಳಿಗಳಿಗೆ 2.5ರವರೆಗೂ ನಡೆಯುತ್ತದೆ. ಎಲ್ಲ ತಳಿಗೂ ಒಂದೇ ಚೀಲ ಎನ್ನುವ ಪಪ್ಪಿ ಫುಡ್ ಶೆಫರ್ಡ್‌ಗೆ ಆಗಿಬರದೆ ಹೋಗಬಹುದಾದ್ದು ಇದರಿಂದ. ಕ್ಯಾಲ್ಸಿಯಂ ಎಷ್ಟೆಂದು ಬರೆಯದ ಚೀಲವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಕ್ಯಾಲೊರಿ ಬರೆಯದಿದ್ದರೆ ನೀವೇ ಲೆಕ್ಕ ಹಾಕಬಹುದು. 26% ಪ್ರೊಟೀನ್, 14% ಕೊಬ್ಬು, 3% ನಾರು, 10% ತೇವಾಂಶ, 8% ಬೂದಿ (ಅಂದರೆ ಖನಿಜಾಂಶ) ಎಂದಿದ್ದರೆ ಉಳಿದ 39% ಪಿಷ್ಟ. ಪ್ರೊಟೀನ್ ಮತ್ತು ಪಿಷ್ಟಕ್ಕೆ ಗ್ರಾಂಗೆ 3.5, ಕೊಬ್ಬಿಗೆ 8.5 ಕ್ಯಾಲೊರಿ ಹಿಡಿದರೆ 100 ಗ್ರಾಂಗೆ ಸುಮಾರು 346. ನಮ್ಮ 10 ಕೆಜಿ ಮರಿಗೆ ದಿನಕ್ಕೆ 340 ಗ್ರಾಂ. ಕಪ್ಪಿನಲ್ಲಿ ಅಳೆಯಬೇಡಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಒಂದೇ ಕಪ್ಪು ಒಬ್ಬೊಬ್ಬರ ಕೈಯಲ್ಲಿ ಒಂದೊಂದು ತೂಕ ಹಿಡಿಯುತ್ತದೆ.

ಈಗ ಸಿರಪ್ಪಿನ ವಿಚಾರ. ಈ ಚೀಲದಲ್ಲಿ 1.3% ಕ್ಯಾಲ್ಸಿಯಂ ಇದ್ದರೆ 340 ಗ್ರಾಂನಲ್ಲಿ ಮರಿಗೆ 4.4 ಗ್ರಾಂ ಸಿಕ್ಕಿತು. 1,000 ಕ್ಯಾಲೊರಿಗೆ 3.7 ಗ್ರಾಂ ಆಯಿತು. ಇರಬೇಕಾದ್ದು 3ರಿಂದ 4.5ರ ನಡುವೆ, ಸರಿಯಾಗಿ ಮಧ್ಯದಲ್ಲಿದೆ. ಇದರ ಮೇಲೆ ಒಂದು ಟೀ ಚಮಚ ಮೊಟ್ಟೆಚಿಪ್ಪಿನ ಪುಡಿ ಹಾಕಿದರೂ ಸುಮಾರು 2 ಗ್ರಾಂ ಸೇರಿ 5.4ಕ್ಕೆ ಹಾರುತ್ತದೆ. ಸಿರಪ್ಪು, ಮಾತ್ರೆ, ಮೂಳೆಪುಡಿ, ಹಾಲು ಎಲ್ಲವನ್ನೂ ಒಟ್ಟಿಗೆ ಕೊಡುವ ಮನೆಗಳಿವೆ.

ಹಾಗೆ ಕೊಡುವ ಮನೆಯಲ್ಲಿ ಏಳೆಂಟು ತಿಂಗಳಿಗೆ ಮರಿ ಕುಂಟಲು ಶುರು ಮಾಡುತ್ತದೆ ಅನ್ನಿ. ಈ ವಾರ ಬಲಗಡೆ ಮುಂಗಾಲು, ಹದಿನೈದು ದಿನ ಬಿಟ್ಟು ಎಡಗಾಲು. ಕ್ಯಾಲ್ಸಿಯಂ ಸಾಲಲಿಲ್ಲ ಅಂತ ಇನ್ನಷ್ಟು ಕೊಡುತ್ತಾರೆ. ಕಾಲಿನಿಂದ ಕಾಲಿಗೆ ಓಡಾಡುವ ಈ ಕುಂಟು ಶೆಫರ್ಡ್ ಮರಿಗಳಲ್ಲಿ ಹೆಚ್ಚಾಗಿ ಪ್ಯಾನೋಸ್ಟಿಯೈಟಿಸ್. ಐದರಿಂದ ಹದಿನೆಂಟು ತಿಂಗಳ ನಡುವೆ ಬರುವ, ಉದ್ದ ಮೂಳೆಯೊಳಗಿನ ಊತ. ತಾನಾಗಿಯೇ ಹೋಗುತ್ತದೆ, ಕ್ಯಾಲ್ಸಿಯಂ ಕೊರತೆಗೂ ಅದಕ್ಕೂ ಸಂಬಂಧವಿಲ್ಲ. ಎಕ್ಸ್‌ರೇ ತೆಗೆಸಿ ಮೊಣಕೈ, ಸೊಂಟದ ತೊಂದರೆ ಅಲ್ಲವೆಂದು ಖಾತ್ರಿ ಮಾಡಿಕೊಂಡು, ನೋವಿಗೆ ವೆಟ್ ಹೇಳಿದ್ದನ್ನು ಕೊಟ್ಟು ಓಟ ಕಡಿಮೆ ಮಾಡಿಸಿದರೆ ಸಾಕು.

ವಿಟಮಿನ್ ಡಿ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮೆಡಿಕಲ್ ಸ್ಟೋರ್‌ಗಳಲ್ಲಿ ಮನುಷ್ಯರಿಗೆ ಸಿಗುವ ಸ್ಯಾಚೆಟ್ 60,000 ಯೂನಿಟ್‌ನದು. 10 ಕೆಜಿ ಮರಿಗೆ ದಿನಕ್ಕೆ ಬೇಕಾದ್ದು ಸುಮಾರು 150 ಯೂನಿಟ್. ಒಂದು ಸ್ಯಾಚೆಟ್ ಎಂದರೆ ಒಂದು ವರ್ಷಕ್ಕೂ ಮೀರಿದ ಪಾಲು ಒಂದೇ ಗುಟುಕಿಗೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ವಿಪರೀತ ಬಾಯಾರಿಕೆ, ಕೊನೆಗೆ ಕಿಡ್ನಿಗೆ ಪೆಟ್ಟು. ಮನೆಯವರಿಗೆ ಬರೆದುಕೊಟ್ಟದ್ದರಲ್ಲಿ ನಾಯಿಗೆ ಪಾಲು ಬೇಡ.

ಮನೆ ಊಟ ಹಾಕುವವರಿಗೆ

32 ಕೆಜಿಯ ಬೆಳೆದ ನಾಯಿಗೆ ಒಂದು ದಿನದ ಊಟ ಹೀಗಿರಬಹುದು: 160 ಗ್ರಾಂ ಅಕ್ಕಿ (ಬೇಯಿಸುವ ಮುಂಚಿನ ತೂಕ), ಚರ್ಮ-ಮೂಳೆ ತೆಗೆದ ಚಿಕನ್ ತೊಡೆ 400 ಗ್ರಾಂ, ಎರಡು ಮೊಟ್ಟೆ, ಚಿಕನ್ ಲಿವರ್ 40 ಗ್ರಾಂ, ಸಿಹಿಗುಂಬಳ 150 ಗ್ರಾಂ, ಮೊಸರು 100 ಗ್ರಾಂ, ಸೂರ್ಯಕಾಂತಿ ಎಣ್ಣೆ ಒಂದು ದೊಡ್ಡ ಚಮಚ. ಒಟ್ಟು 1,470 ಕ್ಯಾಲೊರಿ, ಪ್ರೊಟೀನ್ 115 ಗ್ರಾಂ ಹತ್ತಿರ. ನೋಡಲು ರಾಜಭೋಜನ.

ಇದರಲ್ಲಿ ಕ್ಯಾಲ್ಸಿಯಂ ಮಾತ್ರ 280 ಮಿಲಿಗ್ರಾಂ ಆಸುಪಾಸು, ಅದರಲ್ಲೂ ಅರ್ಧ ಮೊಸರಿನದು. ಬೇಕಾದ್ದು 1,800. ರಂಜಕ ಆಗಲೇ 1,350 ಮಿಲಿಗ್ರಾಂ ಇದೆ, ಯಾಕೆಂದರೆ ಮಾಂಸದಲ್ಲಿ ಅದು ಧಾರಾಳ. ಕ್ಯಾಲ್ಸಿಯಂ ಒಂದು ಪಾಲಾದರೆ ರಂಜಕ ಐದು ಪಾಲು. ಇರಬೇಕಾದ್ದು ಸಮಸಮ, ಅಥವಾ ಕ್ಯಾಲ್ಸಿಯಂ ತುಸು ಮುಂದೆ. ಹೀಗೇ ತಿಂಗಳುಗಟ್ಟಲೆ ನಡೆದರೆ ದೇಹ ರಕ್ತದ ಮಟ್ಟ ಕಾಯ್ದುಕೊಳ್ಳಲು ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆಯುತ್ತದೆ. ಬೆಳೆದ ನಾಯಿಯಲ್ಲಿ ಇದು ಬಹಳ ದಿನ ಹೊರಗೆ ಕಾಣುವುದಿಲ್ಲ. ಮರಿಗಾದರೆ ಕಾಲು ಬಾಗುತ್ತದೆ, ಸೋಫಾದಿಂದ ಹಾರಿದರೂ ಮೂಳೆ ಮುರಿಯುತ್ತದೆ.

ಇಲ್ಲಿ ಮೊಟ್ಟೆಚಿಪ್ಪು ಕೆಲಸಕ್ಕೆ ಬರುತ್ತದೆ. ಚಿಪ್ಪನ್ನು ತೊಳೆದು ಒಳಗಿನ ಪೊರೆ ಬಿಡಿಸಿ, ಹತ್ತು ನಿಮಿಷ ಕುದಿಸಿ, ಒಣಗಿಸಿ, ತವಾದ ಮೇಲೆ ಗರಿಗರಿಯಾಗುವಷ್ಟು ಬಿಸಿ ಮಾಡಿ, ಮಿಕ್ಸಿಯ ಸಣ್ಣ ಜಾರಿನಲ್ಲಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಿರಿ. ಬೆರಳ ನಡುವೆ ಉಜ್ಜಿದರೆ ಮರಳಿನಂತೆ ಚುಚ್ಚಬಾರದು, ರಂಗೋಲಿ ಹಿಟ್ಟಿಗಿಂತ ನಯವಾಗಿರಬೇಕು. ಒಂದು ಗ್ರಾಂನಲ್ಲಿ ಸುಮಾರು 380 ಮಿಲಿಗ್ರಾಂ ಕ್ಯಾಲ್ಸಿಯಂ. ಮೇಲಿನ ಊಟಕ್ಕೆ 4 ಗ್ರಾಂ ಬೆರೆಸಿದರೆ 1,800ಕ್ಕೆ ಬಂತು, ರಂಜಕದ ಜೊತೆಗಿನ ಲೆಕ್ಕವೂ 1.3ಕ್ಕೆ 1 ಆಯಿತು. ಬಿಸಿ ಆರಿದ ಮೇಲೆ, ಬಡಿಸುವ ಮುಂಚೆ ಕಲಸಿ. ಸತು, ಅಯೋಡಿನ್, ವಿಟಮಿನ್ ಇ ಮತ್ತು ಡಿ ಈ ಊಟದಲ್ಲಿ ಸಾಲುವುದಿಲ್ಲ. ಮನೆ ಊಟಕ್ಕೆಂದೇ ಇರುವ ಖನಿಜ-ವಿಟಮಿನ್ ಪುಡಿಯನ್ನು ವೆಟ್ ಹತ್ತಿರ ಕೇಳಿ ಸೇರಿಸಿ. ಅದರಲ್ಲಿ ಕ್ಯಾಲ್ಸಿಯಂ ಇದ್ದರೆ ಅಷ್ಟು ಚಿಪ್ಪಿನ ಪುಡಿ ಕಡಿಮೆ ಮಾಡುವುದನ್ನು ಮರೆಯಬೇಡಿ.

ಮರಿಗೆ ಮನೆ ಊಟ ಕಷ್ಟ ಎಂದದ್ದು ಇದಕ್ಕೆ. ಬೆಳೆಯುವ ಮರಿಗೆ 1,000 ಕ್ಯಾಲೊರಿಗೆ 3 ಗ್ರಾಂ ಕ್ಯಾಲ್ಸಿಯಂ, ಜೊತೆಗೆ 2.5 ಗ್ರಾಂ ರಂಜಕ ಬೇಕು. ಇದೇ ಅಡುಗೆಯನ್ನು ಮರಿಗೆ ಹಾಕಿದರೆ ಕ್ಯಾಲ್ಸಿಯಂ ಜೊತೆ ರಂಜಕವೂ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ಚಿಪ್ಪಿನಲ್ಲಿ ರಂಜಕ ಇಲ್ಲವೆನ್ನುವಷ್ಟು ಕಡಿಮೆ, ಆಗ ಡೈಕ್ಯಾಲ್ಸಿಯಂ ಫಾಸ್ಫೇಟನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಹಾಕಬೇಕಾಗುತ್ತದೆ. ಪ್ರತಿ ವಾರ ಮರಿಯ ತೂಕ ಬದಲಾದಂತೆ ಈ ಲೆಕ್ಕವನ್ನೂ ಬದಲಿಸುತ್ತಾ ಹೋಗುವ ತಾಳ್ಮೆ ಎಷ್ಟು ಜನರಿಗಿದೆ? ವರ್ಷ ತುಂಬುವವರೆಗೆ ಒಳ್ಳೆಯ ಪಪ್ಪಿ ಫುಡ್ ಹಾಕಿ, ಮೊಟ್ಟೆ, ಚಿಕನ್, ಮೊಸರು ಎಲ್ಲ ಸೇರಿ ದಿನದ ಕ್ಯಾಲೊರಿಯ ಹತ್ತು ಪರ್ಸೆಂಟ್ ಮೀರದಂತೆ ನೋಡಿಕೊಳ್ಳಿ.

ರಾಗಿಯ ಬಗ್ಗೆ ಹೇಳದಿದ್ದರೆ ಹಳೇ ಮೈಸೂರು ಕಡೆಯವರು ಸುಮ್ಮನೆ ಬಿಡುವುದಿಲ್ಲ. ರಾಗಿ ಒಳ್ಳೆಯದೇ. 100 ಗ್ರಾಂನಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ, ಅಕ್ಕಿಯಲ್ಲಿ ಹತ್ತೂ ಇಲ್ಲ. ಆದರೆ ರಾಗಿಯ ಫೈಟೇಟು, ಆಕ್ಸಲೇಟು ಅದರಲ್ಲಿ ಒಂದಷ್ಟನ್ನು ಕಟ್ಟಿಹಾಕುತ್ತವೆ, ಪೂರ್ತಿ ಸಿಗುತ್ತದೆಂದು ಲೆಕ್ಕ ಹಿಡಿಯುವಂತಿಲ್ಲ. ಅಕ್ಕಿಯ ಜಾಗದಲ್ಲಿ ರಾಗಿ ಹಾಕಿದರೆ ಚಿಪ್ಪಿನ ಪುಡಿಯನ್ನು ಅರ್ಧ ಗ್ರಾಂ ಇಳಿಸಿ, ಅದಕ್ಕಿಂತ ಹೆಚ್ಚು ಬೇಡ. ಮುದ್ದೆ ಚೆನ್ನಾಗಿ ಬೆಂದಿರಬೇಕು. ಹಸಿ ಹಿಟ್ಟು ಉಳಿದರೆ ಗ್ಯಾಸು, ಸಡಿಲ ಕಕ್ಕ. ತೊಂದರೆ ಬರುವುದು ಮುದ್ದೆ-ಹಾಲನ್ನೇ ಪೂರ್ತಿ ಊಟ ಮಾಡಿದಾಗ. 200 ಗ್ರಾಂ ರಾಗಿಹಿಟ್ಟು, ಅರ್ಧ ಲೀಟರ್ ಹಾಲು ಎಂದರೆ 970 ಕ್ಯಾಲೊರಿ, ಪ್ರೊಟೀನ್ ಮಾತ್ರ 30 ಗ್ರಾಂ. ಮರಿಗೆ 1,000 ಕ್ಯಾಲೊರಿಗೆ ಕನಿಷ್ಠ 56 ಗ್ರಾಂ ಬೇಕು, ಬೆಳೆದ ನಾಯಿಗೆ 45. ಬರೀ ಮೊಸರನ್ನದ ಕಥೆಯೂ ಇಷ್ಟೇ. ಸಸ್ಯಾಹಾರಿ ಮನೆಗಳಲ್ಲಿ ಬೆಳೆದ ನಾಯಿಯನ್ನು ಮೊಟ್ಟೆ, ಪನೀರ್, ಸೋಯಾ ಹಾಕಿ ಸಾಕಬಹುದು. ಮೊಟ್ಟೆಯೂ ಒಳಗೆ ಬರುವಂತಿಲ್ಲ ಎಂದರೆ ಪ್ಯಾಕೆಟ್ ಫುಡ್ಡಿಗೆ ಹೋಗುವುದು ನಾಯಿಗೆ ಮಾಡುವ ಉಪಕಾರ.

ಕರಾವಳಿಯವರಿಗೆ ಒಂದು ಅನುಕೂಲ ಇದೆ: ಭೂತಾಯಿ ಮೀನು. ಉಪ್ಪು, ಹುಳಿ, ಖಾರ ಏನೂ ಹಾಕದೆ ಕುಕ್ಕರಿನಲ್ಲಿ ಇಪ್ಪತ್ತೈದು ನಿಮಿಷ ಬೇಯಿಸಿದರೆ ನಡುಮುಳ್ಳು ಬೆರಳಲ್ಲೇ ಪುಡಿಯಾಗುತ್ತದೆ. ವಾರಕ್ಕೆರಡು ದಿನ ನೂರು ಗ್ರಾಂ ಚಿಕನ್ ಬದಲು ಇದನ್ನು ಹಾಕಿ. ಒಮೆಗಾ-3 ಕೊಬ್ಬು ಚರ್ಮಕ್ಕೆ, ಕೀಲಿಗೆ ಒಳ್ಳೆಯದು. ಒಣಮೀನು ಬೇಡ, ಉಪ್ಪು ವಿಪರೀತ.

ಮಟನ್ ಅಂಗಡಿಯಿಂದ ತರುವ ಹಸಿ ಬೋಟಿ, ಕುರಿಯ ಶ್ವಾಸಕೋಶ, ಲಿವರ್ ಹಾಗೆಯೇ ಹಾಕುವ ಅಭ್ಯಾಸ ಬಿಡಿ. ಅದರಲ್ಲಿ ನೀರು ತುಂಬಿದ ಗುಳ್ಳೆ ಇದ್ದರೆ ಅದು ಎಕಿನೋಕಾಕಸ್ ಎಂಬ ಲಾಡಿಹುಳದ ಮರಿರೂಪ ಇರಬಹುದು. ತಿಂದ ನಾಯಿಗೆ ಏನೂ ಆದಂತೆ ಕಾಣುವುದಿಲ್ಲ, ಆದರೆ ಅದರ ಕಕ್ಕದಲ್ಲಿ ಬರುವ ಮೊಟ್ಟೆ ಮನೆಯ ಮಕ್ಕಳ ಹೊಟ್ಟೆ ಸೇರಿದರೆ ಲಿವರ್‌ನಲ್ಲೋ ಶ್ವಾಸಕೋಶದಲ್ಲೋ ಹೈಡಾಟಿಡ್ ಗಡ್ಡೆ. ಚೆನ್ನಾಗಿ ಬೇಯಿಸಿ ಹಾಕಿದರೆ ಭಯವಿಲ್ಲ. ಜಂತಿನ ಮಾತ್ರೆಯಲ್ಲಿ ಪ್ರಾಜಿಕ್ವಾಂಟೆಲ್ ಇದೆಯೇ ನೋಡಿಕೊಳ್ಳಿ, ಲಾಡಿಹುಳಕ್ಕೆ ಅದೇ ಬೇಕು.

ಹೊಟ್ಟೆ ಕೆಡುವುದು, ಹೊಟ್ಟೆ ತಿರುಚುವುದು

ಶೆಫರ್ಡ್ ಹೊಟ್ಟೆ ಸೂಕ್ಷ್ಮ. ಆಹಾರ ಬದಲಿಸುವಾಗ ಹತ್ತು ದಿನ ತೆಗೆದುಕೊಳ್ಳಿ, ಕಾಲು ಭಾಗ, ಅರ್ಧ, ಮುಕ್ಕಾಲು ಎಂದು. ಸಡಿಲ ಕಕ್ಕಕ್ಕೆ ಬಹಳ ಸಲ ಕಾರಣ ಹೆಚ್ಚು ತಿನ್ನಿಸಿದ್ದು. ಬೆಳಗ್ಗೆ ಗಟ್ಟಿ, ಸಂಜೆ ಸಡಿಲ ಎಂದಿದ್ದರೆ ಮೊದಲು ಪ್ರಮಾಣ ಇಳಿಸಿ ನೋಡಿ. ಎರಡನೆಯ ಕಾರಣ ಹಾಲು. ಮೂರನೆಯದು ಜಂತು, ಇಲ್ಲವೇ ಜಿಯಾರ್ಡಿಯಾ ಎಂಬ ಕರುಳಿನ ಸೂಕ್ಷ್ಮಜೀವಿ. ಮರಿಯಲ್ಲಿ ರಕ್ತಭೇದಿ, ವಾಂತಿ, ಮಂಕು ಸೇರಿದರೆ ಪಾರ್ವೋ ವೈರಸ್ ಕಾಯಿಲೆ ಇರಬಹುದು, ಮೊಸರನ್ನ ಕೊಟ್ಟು ನಾಳೆವರೆಗೆ ಕಾಯಬೇಡಿ.

ಈ ತಳಿಗೇ ಅಂಟಿದ ಇನ್ನೊಂದು ಕಾಯಿಲೆ ಇದೆ. ನಾಯಿ ಬಕಾಸುರನಂತೆ ತಿನ್ನುತ್ತದೆ, ಆದರೂ ತಿಂಗಳು ತಿಂಗಳು ಸೊರಗುತ್ತದೆ. ಕಕ್ಕ ರಾಶಿಗಟ್ಟಲೆ, ಮಾಸಲು ಹಳದಿ ಬಣ್ಣ, ಜಿಡ್ಡು ಜಿಡ್ಡು, ಗಬ್ಬು ವಾಸನೆ. ತನ್ನದನ್ನೇ ತಿನ್ನಲೂ ಹೋಗುತ್ತದೆ. ಇದು ಇಪಿಐ. ಮೇದೋಜ್ಜೀರಕ ಗ್ರಂಥಿಯ ಜೀರ್ಣರಸ ತಯಾರಿಸುವ ಭಾಗ ಸವೆದುಹೋಗಿ ತಿಂದದ್ದು ಅರಗುವುದೇ ಇಲ್ಲ. ಊಟ ಹೆಚ್ಚಿಸಿ ಪ್ರಯೋಜನವಿಲ್ಲ. ಹನ್ನೆರಡು ಗಂಟೆ ಹೊಟ್ಟೆ ಖಾಲಿ ಇಟ್ಟು ಟಿಎಲ್‌ಐ ಎನ್ನುವ ರಕ್ತಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ಚಿಕಿತ್ಸೆ ಪ್ರತಿ ಊಟಕ್ಕೂ ಕಿಣ್ವದ ಪುಡಿ ಬೆರೆಸುವುದು, ಜೊತೆಗೆ ವಿಟಮಿನ್ ಬಿ12. ಜೀವನಪೂರ್ತಿ ಕೊಡಬೇಕು, ಆದರೆ ನಾಯಿ ಚೆನ್ನಾಗಿ ಬದುಕುತ್ತದೆ. ಮೇಲೆ ಪದರ ಹಚ್ಚಿದ ಮಾತ್ರೆಗಿಂತ ಪುಡಿಯೇ ವಾಸಿ.

ಗಂಟೆಗಳ ಲೆಕ್ಕದಲ್ಲಿ ಪ್ರಾಣ ತೆಗೆಯುವುದು ಜಠರ ಉಬ್ಬಿ ತಿರುಚಿಕೊಳ್ಳುವುದು. ಎದೆ ಆಳವಾಗಿರುವ ನಾಯಿಗಳಿಗೆಲ್ಲ ಈ ಅಪಾಯ ಇದೆ. ದಿನಕ್ಕೊಂದೇ ದೊಡ್ಡ ಊಟ, ಗಬಗಬನೆ ನುಂಗುವುದು, ವಯಸ್ಸು, ಅದೇ ರಕ್ತಸಂಬಂಧದ ನಾಯಿಗೆ ಹಿಂದೆ ಬಂದಿರುವುದು ಅಪಾಯವನ್ನು ಏರಿಸುತ್ತವೆ. ಎರಡು-ಮೂರು ತಿಂಗಳ ಮರಿಗೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಕೊನೆಯವರೆಗೂ ಎರಡು ಸಲ ಊಟ. ಬಟ್ಟಲನ್ನು ಸ್ಟ್ಯಾಂಡಿನ ಮೇಲೆ ಎತ್ತರಕ್ಕಿಟ್ಟರೆ ಒಳ್ಳೆಯದು ಎಂಬ ನಂಬಿಕೆ ಇದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಎತ್ತರದ ಬಟ್ಟಲಲ್ಲಿ ತಿಂದ ದೊಡ್ಡ ನಾಯಿಗಳಿಗೇ ಇದು ಹೆಚ್ಚು ಬಂದಿತ್ತು. ನೆಲದ ಮೇಲೇ ಇಡಿ. ವಾಂತಿಗೆ ಓಕರಿಸಿದರೂ ಏನೂ ಬಾರದಿರುವುದು, ಜೊಲ್ಲು, ಕೂರಲೂ ಆಗದ ಚಡಪಡಿಕೆ, ಪಕ್ಕೆಯ ಹಿಂದೆ ಡೋಲಿನಂತೆ ಉಬ್ಬಿದ ಹೊಟ್ಟೆ ಕಂಡರೆ ಸೋಡಾ, ಜೀರಿಗೆ ನೀರು ಅಂತ ಪ್ರಯೋಗ ಮಾಡದೆ ಆಪರೇಷನ್ ಮಾಡುವ ಆಸ್ಪತ್ರೆಗೆ ಗಾಡಿ ತಿರುಗಿಸಿ. ಅಂಥ ಆಸ್ಪತ್ರೆ ರಾತ್ರಿ ಎಲ್ಲಿ ತೆರೆದಿರುತ್ತದೆಂದು ಈಗಲೇ ವಿಚಾರಿಸಿಟ್ಟಿರಿ.

ನಿಜವಾಗಿ ದುಡಿಯುವ ನಾಯಿಗೆ

ರಾತ್ರಿ ತೋಟ ಕಾಯುವ ನಾಯಿ ದುಡಿಯುತ್ತದೆ ಎನ್ನುವುದು ಮಾಲೀಕನ ಭಾವನೆ. ಕ್ಯಾಲೊರಿ ಲೆಕ್ಕದಲ್ಲಿ ಅದು ನಾಲ್ಕು ಸಲ ಬೊಗಳಿ ಮಲಗುವ ಮನೆನಾಯಿಯೇ. ಅದಕ್ಕೆ 1.6 ಪಟ್ಟು ಸಾಕು. ಪೊಲೀಸ್ ಶ್ವಾನದಳದಂತೆ ದಿನಾ ಗಂಟೆಗಟ್ಟಲೆ ಜಾಡು ಹಿಡಿಯುವ, ಓಡುವ 35 ಕೆಜಿ ನಾಯಿಗೆ 2 ಪಟ್ಟಿನಂತೆ 2,000, ಇಡೀ ದಿನದ ಕೆಲಸವಿದ್ದರೆ 3,000 ಕ್ಯಾಲೊರಿಯವರೆಗೂ ಬೇಕು. ಹೆಚ್ಚಿಸಬೇಕಾದ್ದು ಅನ್ನವನ್ನಲ್ಲ, ಕೊಬ್ಬು ಮತ್ತು ಮಾಂಸವನ್ನು. ದೀರ್ಘಕಾಲ ಓಡುವ ನಾಯಿ ಕೊಬ್ಬನ್ನೇ ಉರಿಸುತ್ತದೆ. ಎಣ್ಣೆ, ತುಪ್ಪವನ್ನು ಒಮ್ಮೆಲೆ ಸುರಿದರೆ ಭೇದಿ, ಕೆಲವಕ್ಕೆ ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜ್ಜೀರಕ ಗ್ರಂಥಿಯ ಊತ. ದಿನಕ್ಕೊಂದು ಟೀ ಚಮಚದಿಂದ ಶುರುಮಾಡಿ ಮೂರು ವಾರದಲ್ಲಿ ಏರಿಸಿ. ಕೆಲಸಕ್ಕೆ ಎರಡು ಗಂಟೆ ಮುಂಚೆ ದಿನದ ಕಾಲುಭಾಗ, ಕೆಲಸ ಮುಗಿದು ಏದುಸಿರು ಪೂರ್ತಿ ನಿಂತ ಒಂದು ಗಂಟೆಯ ಮೇಲೆ ಉಳಿದದ್ದು.

ನೀರು ಕೆಜಿಗೆ 50 ಮಿಲಿಯಂತೆ 35 ಕೆಜಿ ನಾಯಿಗೆ ಪೌಣೆ ಎರಡು ಲೀಟರ್. ಏಪ್ರಿಲ್-ಮೇನಲ್ಲಿ ಕಲಬುರಗಿ, ರಾಯಚೂರಿನಲ್ಲಿ ಅದರ ಎರಡರಷ್ಟು ಕುಡಿದರೂ ಅಚ್ಚರಿಯಿಲ್ಲ. ಆಗ ಬೆಳಗ್ಗೆ ಆರಕ್ಕೆ, ರಾತ್ರಿ ಎಂಟರ ಮೇಲೆ ಊಟ ಹಾಕಿ. ಸೆಕೆಗೆ ತಿನ್ನುವುದು ಕಡಿಮೆಯಾದರೆ ಬಿರಿಯಾನಿ ಕಲಸಿ ಪುಸಲಾಯಿಸಬೇಡಿ. ಬಿರಿಯಾನಿಯ ಈರುಳ್ಳಿ, ಬೆಳ್ಳುಳ್ಳಿ ಕೆಂಪು ರಕ್ತಕಣ ಒಡೆಯುತ್ತವೆ, ಬೆಂದ ಮೂಳೆ ಸೀಳಾಗಿ ಕರುಳು ಚುಚ್ಚುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿ ಕೆಡಿಸುತ್ತವೆ. ವಿಜಯಪುರದ ದ್ರಾಕ್ಷಿ ತೋಟದವರು, ಹಬ್ಬದ ಪಾಯಸ ಹಾಕುವವರು ನೆನಪಿಡಿ. ಮಾವಿನ ಓಟೆ, ಮೆಕ್ಕೆಜೋಳದ ದಿಂಡು ನುಂಗಿದರೆ ಕರುಳಲ್ಲಿ ಸಿಕ್ಕಿಕೊಂಡು ಆಪರೇಷನ್ನೇ ಗತಿ.

ಮಲೆನಾಡಿನ ಮಳೆಗಾಲದಲ್ಲಿ 20 ಕೆಜಿ ಚೀಲ ತರುವುದು ಉಳಿತಾಯವಲ್ಲ. ಒಂದೇ ನಾಯಿಯ ಮನೆಯಲ್ಲಿ ಅದು ಒಂದೂವರೆ ತಿಂಗಳು ಬರುತ್ತದೆ, ಅಷ್ಟರಲ್ಲಿ ಕೊಬ್ಬು ಕಮಟು ಹಿಡಿಯುತ್ತದೆ, ತೇವಕ್ಕೆ ಬೂಷ್ಟು ಬರುತ್ತದೆ. ಬೂಷ್ಟಿನ ಅಫ್ಲಾಟಾಕ್ಸಿನ್ ಬೇಯಿಸಿದರೂ ಹೋಗುವುದಿಲ್ಲ, ಲಿವರ್ ಹಾಳು ಮಾಡುತ್ತದೆ. ದನಕ್ಕೂ ಬೇಡವೆಂದು ತೆಗೆದಿಟ್ಟ ಮುಗ್ಗಲು ಜೋಳವನ್ನು ನಾಯಿಗೆ ಗಂಜಿ ಮಾಡಿ ಹಾಕುವವರಿಗೂ ಇದೇ ಮಾತು. ಹತ್ತು ಕೆಜಿಯ ಚೀಲ ತನ್ನಿ, ಚೀಲದ ಸಮೇತ ಡಬ್ಬದೊಳಗಿಟ್ಟು ಬಾಯಿ ಬಿಗಿಯಾಗಿ ಮಡಚಿ, ಒಡೆದ ದಿನಾಂಕವನ್ನು ಮೇಲೆ ಬರೆಯಿರಿ. ಬಾಯಿ ತೆರೆದ ಮೂಟೆಯಿಂದ ಕೆಜಿ ಲೆಕ್ಕದಲ್ಲಿ ತೂಗಿ ಕೊಡುವ ಲೂಸ್ ಫುಡ್ ಎಷ್ಟೇ ಅಗ್ಗವಾದರೂ ಬೇಡ, ಅದು ಯಾವಾಗ ಒಡೆದದ್ದೆಂದು ಅಂಗಡಿಯವನಿಗೂ ಗೊತ್ತಿರುವುದಿಲ್ಲ.